ಒಂದು ಯೂನಿಟ್ಟೂ ಆಗದ ದಾರಿ

ಚಿತ್ರದುರ್ಗದಿಂದ ಚಳ್ಳಕೆರೆ ಮೇಲೆ ಬಳ್ಳಾರಿಗೆ ಸುಮಾರು 130 ಕಿಲೋಮೀಟರ್. ಬೆಳಿಗ್ಗೆ ಆರಕ್ಕೆ ಒಬ್ಬರೇ ಸೈಕಲ್ ಹತ್ತಿ, ಚಹಾ, ನೆರಳು, ಮಾತು ಅಂತ ಅಲ್ಲಲ್ಲಿ ನಿಂತರೂ ದೀಪ ಹಚ್ಚುವ ಹೊತ್ತಿಗೆ ಊರು ಸೇರಬಹುದು. ನಿಂತದ್ದನ್ನೆಲ್ಲ ಕಳೆದರೆ ಬರೀ ತುಳಿತಕ್ಕೆ ಹಿಡಿಯುವುದು ಏಳು ತಾಸು. ಹದವಾಗಿ ತುಳಿಯುವವರ ಕಾಲುಗಳು ಪೆಡಲಿಗೆ ಕೊಡುವ ಶಕ್ತಿ ಸರಾಸರಿ 100 ವ್ಯಾಟ್. ಏಳು ತಾಸಿಗೆ ಲೆಕ್ಕ ಹಾಕಿದರೆ 0.7 ಯೂನಿಟ್ ಆಯಿತು. ಬೆಳಗಿನಿಂದ ಸಂಜೆಯ ತನಕ ಬೆವರು ಸುರಿಸಿ, ತೊಡೆ ಬಿಗಿದು, ಊರಿಂದೂರಿಗೆ ದಾಟಿದ ಇಡೀ ದುಡಿಮೆಯನ್ನು ಮನೆಯ ಮೀಟರಿನಲ್ಲಿ ಅಳೆದರೆ ಒಂದು ಯೂನಿಟ್ಟೂ ಆಗುವುದಿಲ್ಲ.

ಈ ಅಳತೆ ಎಷ್ಟು ಚಿಕ್ಕದು ಎನ್ನುವುದು ದಾರಿಯಲ್ಲೇ ಕಾಣುತ್ತದೆ. ದುರ್ಗ ಬಿಟ್ಟು ಸ್ವಲ್ಪ ದೂರ ಬಂದು ಹಿಂತಿರುಗಿ ನೋಡಿದರೆ ಜೋಗಿಮಟ್ಟಿಯ ಗುಡ್ಡಸಾಲಿನ ಮೇಲೆ ಗಾಳಿಯಂತ್ರಗಳು ಕಾಣುತ್ತವೆ. 2 ಮೆಗಾವ್ಯಾಟಿನ ಒಂದು ಯಂತ್ರ ಪೂರ್ಣ ಬಲದಲ್ಲಿ ತಿರುಗುತ್ತಿದ್ದರೆ, ನಮ್ಮ ಆ 0.7 ಯೂನಿಟ್ಟನ್ನು ಅದು ಒಂದೂಕಾಲು ಸೆಕೆಂಡಿನಲ್ಲಿ ಕೊಟ್ಟುಬಿಡುತ್ತದೆ. ಅಲ್ಲಿಂದ ಪೂರ್ವದ ಪಾವಗಡದಲ್ಲಿ 13,000 ಎಕರೆ ಹರಡಿರುವ 2,050 ಮೆಗಾವ್ಯಾಟಿನ ಸೌರ ಪಾರ್ಕಿಗೆ ನಡುಮಧ್ಯಾಹ್ನದ ಬಿಸಿಲಿನಲ್ಲಿ ಸೆಕೆಂಡಿನ ಸಾವಿರದೊಂದು ಪಾಲಿನ ಆಸುಪಾಸು ಸಾಕು. ಇದನ್ನು ಕೇಳಿದ ಕೆಲವರು ಮನುಷ್ಯನ ಬಲ ಇಷ್ಟೇನಾ ಎನ್ನುತ್ತಾರೆ. ನನಗೆ ಅದು ತಿರುಗುಮುರುಗಾಗಿ ಕಾಣುತ್ತದೆ. ಇಷ್ಟು ಕಡಿಮೆ ಶಕ್ತಿಯಲ್ಲಿ, ಸಾಮಾನು ಸೇರಿ 100 ಕಿಲೋ ಭಾರವನ್ನು 130 ಕಿಲೋಮೀಟರ್ ಸಾಗಿಸುವ ಬೇರೆ ಯಾವ ಏರ್ಪಾಟು ನಮ್ಮ ಹಳ್ಳಿಗಳಲ್ಲಿದೆ?

1973ರಲ್ಲಿ ಆಕ್ಸ್‌ಫರ್ಡಿನ ಎಸ್. ಎಸ್. ವಿಲ್ಸನ್ ಎಂಬ ಎಂಜಿನಿಯರು ಪ್ರಾಣಿಗಳನ್ನೂ ಯಂತ್ರಗಳನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ನೋಡಿದರು. ಒಂದು ಗ್ರಾಂ ತೂಕವನ್ನು ಒಂದು ಕಿಲೋಮೀಟರ್ ಒಯ್ಯಲು ಎಷ್ಟು ಶಕ್ತಿ ಬೇಕು ಎನ್ನುವುದು ಅವರ ಪ್ರಶ್ನೆ. ನಡೆಯುವ ಮನುಷ್ಯ ಆ ಪಟ್ಟಿಯಲ್ಲಿ ಎಲ್ಲೋ ನಡುವೆ ಇದ್ದ. ಅದೇ ಮನುಷ್ಯ ಸೈಕಲ್ ಹತ್ತಿದ ಕೂಡಲೇ ಖರ್ಚು ಐದರಲ್ಲಿ ಒಂದು ಪಾಲಿಗೆ ಇಳಿಯಿತು. ಮೀನು, ಹಕ್ಕಿ, ಕುದುರೆ, ವಿಮಾನ ಎಲ್ಲವನ್ನೂ ದಾಟಿ ಅವನು ಮೊದಲ ಸ್ಥಾನಕ್ಕೆ ಬಂದ.

ಚಳ್ಳಕೆರೆ ಬರುವಷ್ಟರಲ್ಲಿ ಹೊಟ್ಟೆ ಹಸಿದಿರುತ್ತದೆ. ಎಣ್ಣೆ ಮಿಲ್ಲುಗಳಿಂದ ಹೆಸರಾದ ಊರು. ಸುತ್ತಲ ಹೊಲಗಳೆಲ್ಲ ಶೇಂಗಾ. ಮಂಡಕ್ಕಿ ಒಗ್ಗರಣೆ, ಮೇಲೆರಡು ಮೆಣಸಿನಕಾಯಿ ಬೋಂಡ ಮುಂದಿಟ್ಟುಕೊಂಡು ಇಂಧನದ ಲೆಕ್ಕ ಹಾಕಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ತಿಂದ ಅನ್ನದ ಶಕ್ತಿಯಲ್ಲಿ ಪೆಡಲಿಗೆ ತಲುಪುವುದು ನಾಲ್ಕನೇ ಒಂದು ಪಾಲಿಗೂ ಸ್ವಲ್ಪ ಕಡಿಮೆ, ಉಳಿದದ್ದು ಮೈಬಿಸಿಯಾಗಿ ಹೋಗುತ್ತದೆ. ಹಾಗಾಗಿ ದಿನದ ದಾರಿಗೆ ಬೇಕಾಗುವುದು ಸುಮಾರು 2,600 ಕಿಲೋಕ್ಯಾಲೊರಿ. ನೂರು ಗ್ರಾಂ ಶೇಂಗಾ ಕಾಳಿನಲ್ಲಿ 560ಕ್ಕೂ ಹೆಚ್ಚು ಇರುತ್ತದೆ. ಅಂದರೆ ಅರ್ಧ ಕಿಲೋಗೂ ಕಡಿಮೆ ಶೇಂಗಾದಲ್ಲಿ ದುರ್ಗದಿಂದ ಬಳ್ಳಾರಿ! ಅದೇ ಶಕ್ತಿಯನ್ನು ಪೆಟ್ರೋಲಿನಲ್ಲಿ ಅಳೆದರೆ ಮೂರನೇ ಒಂದು ಲೀಟರು. ಲೀಟರಿಗೆ 400 ಕಿಲೋಮೀಟರ್ ಮೈಲೇಜು ಎಂದು ಯಾವ ಮೋಟಾರ್ ಬೈಕಿನ ಜಾಹೀರಾತಿನಲ್ಲೂ ನಾನು ಓದಿಲ್ಲ.

ಹೋಟೆಲಿನ ಗಲ್ಲಾದ ಮೇಲಿದ್ದ ಹಿರಿಯರು ಸೈಕಲ್ಲನ್ನೂ ಹಿಂದಿನ ಚೀಲಗಳನ್ನೂ ನೋಡಿ ಕೇಳಿದ್ದು ಒಂದೇ ಪ್ರಶ್ನೆ: “ಬಳ್ಳಾರಿಗಾ? ಒಬ್ರೇನಾ?” ಹೌದು ಅಂದದ್ದಕ್ಕೆ, “ನೀರು ತುಂಬ್ಸ್ಕೊಳ್ರಿ, ಮುಂದೆ ಬಿಸ್ಲು ಜಾಸ್ತಿ” ಎಂದರು. ಬಲ್ಲವರ ಮಾತು. ಈ ತಾಲ್ಲೂಕು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಒಂದು. ತುಳಿಯುವ ಮೈ ಈ ಬಿಸಿಲಿನಲ್ಲಿ ತಾಸಿಗೆ ಅರ್ಧದಿಂದ ಒಂದು ಲೀಟರ್ ಬೆವರುತ್ತದೆ. ದಿನಕ್ಕೆ ಐದು ಲೀಟರ್ ಆದರೂ ಆಶ್ಚರ್ಯವಿಲ್ಲ. ಒಳಗೆ ಎದೆ ನಿಮಿಷಕ್ಕೆ 125 ಸಲ ಬಡಿದರೆ ಏಳು ತಾಸಿಗೆ 52,500 ಬಡಿತ. ಒಂದೊಂದು ಬಡಿತಕ್ಕೆ ಹತ್ತಿರ ಹತ್ತಿರ 100 ಮಿಲಿಲೀಟರ್ ರಕ್ತ. ಒಟ್ಟು 5,000 ಲೀಟರಿಗೂ ಮೇಲೆ. ಬೇಸಿಗೆಯಲ್ಲಿ ಈ ಹಳ್ಳಿಗಳ ಓಣಿಗೆ ಟ್ರ್ಯಾಕ್ಟರು ಎಳೆದು ತರುವ ನೀರಿನ ಟ್ಯಾಂಕರಿನ ಅಳತೆ ಅದು. ಮೈಯಲ್ಲಿರುವ ಐದು ಲೀಟರ್ ರಕ್ತವೇ ಸಾವಿರ ಸಲ ಸುತ್ತಿ ಬರುತ್ತದೆ.

ಸೈಕಲ್ಲಿನ ಕಡೆಗೂ ಒಮ್ಮೆ ನೋಡಬೇಕು. ಚಕ್ರದ ಸುತ್ತಳತೆ 2.1 ಮೀಟರ್, ಬಳ್ಳಾರಿಯ ತನಕ ಅದು 62,000 ಸುತ್ತು ತಿರುಗುತ್ತದೆ. ಪ್ರತಿ ಸುತ್ತಿನಲ್ಲೂ ಪ್ರತಿ ಸ್ಪೋಕ್ ಕಡ್ಡಿ ಕೆಳಗೆ ಬಂದಾಗ ಒಂದು ಕ್ಷಣ ಸಡಿಲಾಗಿ ಮತ್ತೆ ಬಿಗಿಯುತ್ತದೆ. ಚಕ್ರಕ್ಕೆ 36ರಂತೆ ಎರಡು ಚಕ್ರಕ್ಕೆ 72 ಕಡ್ಡಿ. ಎಲ್ಲ ಸೇರಿ ದಿನಕ್ಕೆ 44 ಲಕ್ಷ ಸಲ ಸಡಿಲಾಗಿ ಬಿಗಿಯುತ್ತವೆ. ಆರೇಳು ಗ್ರಾಂ ತೂಗುವ ತಂತಿ ಇದನ್ನು ವರ್ಷಗಟ್ಟಲೆ ತಾಳಿಕೊಳ್ಳುತ್ತದೆ. ಸಣ್ಣ ಊರಿನ ಸೈಕಲ್ ಶಾಪಿನಲ್ಲಿ ಕೂತು ಬರೀ ಬೆರಳಿನಲ್ಲಿ ಮಿಡಿದು, ಸದ್ದು ಕೇಳಿ ಕಡ್ಡಿಯ ಬಿಗಿ ಹೇಳುವವರ ಕೈಗುಣವನ್ನು ನಾನು ಯಾವ ಎಂಜಿನಿಯರನ ವಿದ್ಯೆಗಿಂತಲೂ ಕಡಿಮೆ ಎಂದು ಎಣಿಸುವುದಿಲ್ಲ.

ಚಳ್ಳಕೆರೆಯಿಂದ ನಾಯಕನಹಟ್ಟಿಯ ಕಡೆಗೆ ಹರಡಿದ್ದು ಅಮೃತಮಹಲ್ ಕಾವಲು. ಮೈಸೂರು ಅರಸರ ಕಾಲದಿಂದ ಸೈನ್ಯದ ಎತ್ತುಗಳನ್ನು ಸಾಕಿದ ಹುಲ್ಲುಗಾವಲು. ಅಮೃತಮಹಲ್ ತಳಿಯ ಎತ್ತುಗಳ ಬಲದಿಂದ ಹೈದರಾಲಿಯ ಸೈನ್ಯ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ 100 ಮೈಲಿ ಸಾಗಿತು ಎಂದು ಹಳೆಯ ದಾಖಲೆಗಳು ಬೆರಗಿನಿಂದ ಬರೆದಿವೆ. ದಿನಕ್ಕೆ 64 ಕಿಲೋಮೀಟರ್. ದಂಡಿನ ಭಾರ ಎಳೆದುಕೊಂಡು! ಇಂದು ಅದೇ ಕಾವಲಿನಲ್ಲಿ ಡಿಆರ್‌ಡಿಓಗೆ 4,290 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ಹೋಗಿದೆ. ಅಲ್ಲಿನ ರನ್‌ವೇಯಲ್ಲಿ 2024ರ ಜೂನ್ 23ರಂದು ಇಸ್ರೋದ ಮರುಬಳಕೆಯ ರೆಕ್ಕೆಯ ವಾಹನ ‘ಪುಷ್ಪಕ್’ ಇಳಿಯಿತು. ಹೆಲಿಕಾಪ್ಟರು ಅದನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಕೈಬಿಟ್ಟಿತು. ನೆಲ ಮುಟ್ಟಿದಾಗ ವೇಗ ತಾಸಿಗೆ 320 ಕಿಲೋಮೀಟರಿಗೂ ಹೆಚ್ಚು. ಆ ವೇಗದಲ್ಲಿ ನಮ್ಮ ಇಡೀ ದಿನದ ದಾರಿ 24 ನಿಮಿಷ. ಎತ್ತು, ಸೈಕಲ್, ಪುಷ್ಪಕ್ ಮೂರರ ವೇಗವನ್ನೂ ಒಂದೇ ಹುಲ್ಲುಗಾವಲು ಕಂಡಿದೆ. ದನ ಕುರಿ ಮೇಯಿಸಿ ಬದುಕಿದ ಸುತ್ತಲ ಹಳ್ಳಿಯವರಿಗೆ ಬೇಲಿ ಬಿದ್ದ ನೋವು ದೊಡ್ಡದು ಎನ್ನುವುದನ್ನೂ ಇಲ್ಲೇ ಹೇಳಬೇಕು.

ತಳುಕು, ಬಿ.ಜಿ. ಕೆರೆ, ಹಾನಗಲ್. ತಳುಕು ಟಿ.ಎಸ್. ವೆಂಕಣ್ಣಯ್ಯನವರ ಊರು, ಕುವೆಂಪು ತಮ್ಮ ರಾಮಾಯಣ ಮಹಾಕಾವ್ಯವನ್ನು ಅರ್ಪಿಸಿದ ಗುರುಗಳು ಅವರು. ಬಸ್ಸಿನಲ್ಲಿ ಹೋಗುವವರಿಗೆ ಇವು ಕಿಟಕಿಯಾಚೆಯ ಬೋರ್ಡುಗಳು. ತಾಸಿಗೆ 18 ಕಿಲೋಮೀಟರಿನಲ್ಲಿ ಹೋಗುವವರಿಗೆ ಒಂದೊಂದು ಊರೂ ಕಣದ ವಾಸನೆ, ನಾಯಿಯ ಬೊಗಳು, “ಯಾವೂರು?” ಎಂಬ ಕೂಗು ಸಮೇತ ಸಿಗುತ್ತದೆ.

ಈ ದಾರಿಯಲ್ಲಿ ಕಣ್ಣಿಗೆ ಕಾಣದ ಇಬ್ಬರು ಜೊತೆಗಾರರಿದ್ದಾರೆ. ಒಂದು ಇಳಿಜಾರು. ಚಿತ್ರದುರ್ಗ ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಮೇಲಿದೆ, ಬಳ್ಳಾರಿ 490ರ ಆಸುಪಾಸು. ಕಿಲೋಮೀಟರಿಗೆ ಎರಡು ಮೀಟರೂ ಇಲ್ಲದ ಇಳಿತ, ಯಾರ ಕಣ್ಣಿಗೂ ಬೀಳದು. ಆದರೂ ದಿನದ ದುಡಿಮೆಯಲ್ಲಿ ಹತ್ತರಲ್ಲಿ ಒಂದು ಪಾಲನ್ನು ಅದು ಪುಕ್ಕಟೆ ಕೊಡುತ್ತದೆ. ವೇದಾವತಿಯ ನೀರನ್ನು ತುಂಗಭದ್ರೆಗೆ ಒಯ್ಯುವ ಇಳಿಜಾರೇ ಇದು. ಇನ್ನೊಂದು ಗಾಳಿ. ತುಳಿಯುವವರ ಮೈ ಎದುರಿನ ಗಾಳಿಗೆ ಒಡ್ಡುವ ಅಗಲ ಅರ್ಧ ಚದರ ಮೀಟರು. 130 ಕಿಲೋಮೀಟರಿನಲ್ಲಿ ಅದು ಸೀಳಿ ಸರಿಸುವ ಗಾಳಿ 65,000 ಘನಮೀಟರ್, ತೂಕದಲ್ಲಿ 70 ಟನ್! ಹತ್ತು ಟನ್ನಿನ ಏಳು ಲೋಡು ಲಾರಿಗಳಷ್ಟು ಗಾಳಿಯನ್ನು ಒಬ್ಬ ಮನುಷ್ಯ ಎದೆಯಲ್ಲಿ ತಳ್ಳಿ ಬಂದಿರುತ್ತಾನೆ. ಮುಂಗಾರಿನ ನೈಋತ್ಯ ಗಾಳಿ 15 ಕಿಲೋಮೀಟರ್ ವೇಗದಲ್ಲಿ ಬೆನ್ನಿಗಿದ್ದರೆ ಈ ಹೊರೆ ಬಹುತೇಕ ಇಲ್ಲವಾಗುತ್ತದೆ. ಅದೇ ಗಾಳಿಗೆ ಎದುರಾಗಿ ಬಳ್ಳಾರಿಯಿಂದ ದುರ್ಗಕ್ಕೆ ಹೊರಟರೆ ತಡೆ ಮೂರು ಪಟ್ಟಿಗೂ ಹೆಚ್ಚು. ಮಳೆಗಾಲದಲ್ಲಿ ಈ ದಾರಿಯನ್ನು ದುರ್ಗದ ಕಡೆಯಿಂದಲೇ ಹಿಡಿಯಬೇಕು ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಹಾನಗಲ್ಲಿನಿಂದ ಒಳಗೆ ಹೊರಳಿದರೆ ಮೊಳಕಾಲ್ಮೂರು. ರೇಷ್ಮೆ ಸೀರೆಯ ಊರು, ಮಗ್ಗದ ಸದ್ದು ಬೀದಿಗೂ ಕೇಳುತ್ತದೆ. ಒಳ್ಳೆಯ ದ್ವಿತಳಿ ಗೂಡಿನಲ್ಲಿ ಹುಳು ಸುತ್ತಿದ ಎಳೆ ಸುಮಾರು ಸಾವಿರ ಮೀಟರ್ ಉದ್ದ; ಗೂಡಿನ ತೂಕ ಎರಡು ಗ್ರಾಂ ಆಸುಪಾಸು. ಹಾಗಾದರೆ 130 ಗೂಡಿನ ಎಳೆಯನ್ನು ಬಿಚ್ಚಿ ಒಂದರ ತುದಿಗೊಂದು ಕಟ್ಟಿದರೆ ಚಿತ್ರದುರ್ಗದಿಂದ ಬಳ್ಳಾರಿ ಮುಟ್ಟುತ್ತದೆ. ಕಾಲು ಕಿಲೋ ಗೂಡು! ಒಂದು ಸೀರೆಗೆ ಇದರ ಹಲವು ಪಟ್ಟು ಗೂಡು ಬೇಕು. ಮದುವೆಮನೆಯಲ್ಲಿ ಉಟ್ಟು ಓಡಾಡುವ ಸೀರೆಯ ಮಡಿಕೆಗಳಲ್ಲಿ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಎಳೆ ಇರುತ್ತದೆ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಬಂದವರು ಸೈಕಲ್ ನಿಲ್ಲಿಸಿ ಹೊತ್ತು ಕಳೆಯಲೇಬೇಕು. 1892ರಲ್ಲಿ ಬಿ. ಎಲ್. ರೈಸ್ ಇಲ್ಲಿ, ಪಕ್ಕದ ಸಿದ್ದಾಪುರದಲ್ಲಿ, ಜಟಿಂಗ ರಾಮೇಶ್ವರದ ಬೆಟ್ಟದಲ್ಲಿ ಅಶೋಕನ ಶಾಸನಗಳನ್ನು ಕಂಡರು. ಬ್ರಹ್ಮಗಿರಿಯ ಬಂಡೆಯ ಮೇಲೆ 256 ಎಂಬ ಅಂಕಿ ಇದೆ. ಅರಸ ಊರು ಬಿಟ್ಟು ಸಂಚಾರದಲ್ಲಿ ಕಳೆದ ರಾತ್ರಿಗಳ ಎಣಿಕೆ ಅದು ಎಂದು ಹಲವು ವಿದ್ವಾಂಸರು ಓದುತ್ತಾರೆ. ಮನೆಯಿಂದ ಹೊರಗೆ 256 ರಾತ್ರಿ! ದಾರಿ ಸವೆಸುವವರು ರಾತ್ರಿಗಳನ್ನು ಎಣಿಸುವ ಅಭ್ಯಾಸ ಇಷ್ಟು ಹಳೆಯದು. ಕೊನೆಯಲ್ಲಿ ಚಪಡ ಎಂಬ ಲಿಪಿಕಾರ ತನ್ನ ಹೆಸರು ಕೆತ್ತಿ, ತನ್ನ ಕಸುಬನ್ನು ಮಾತ್ರ ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಆ ಲಿಪಿ ಬಳಕೆಯಲ್ಲಿದ್ದದ್ದು ಗಾಂಧಾರದ ಕಡೆ. ತಕ್ಷಶಿಲೆಯಿಂದ ಈ ಬಂಡೆಗೆ ನೇರ ಗೆರೆ ಎಳೆದರೂ 2,000 ಕಿಲೋಮೀಟರಿಗೆ ಮೇಲೆ. ಅವನು ಆ ಕಡೆಯವನೇ ಆಗಿದ್ದರೆ ಅಷ್ಟು ದೂರವನ್ನು ದಾಟಿದ್ದು ಕಾಲು, ಎತ್ತು, ಕುದುರೆಗಳ ವೇಗದಲ್ಲಿ.

ಅಕ್ಷರವನ್ನು ಹೊತ್ತ ಬಂಡೆಯ ವಯಸ್ಸು ಇನ್ನೂ ದೊಡ್ಡದು. ರಾಮನಗರದಿಂದ ಹಂಪಿಯ ಕಡೆಗೆ ಸುಮಾರು 400 ಕಿಲೋಮೀಟರ್ ಚಾಚಿದ ಗ್ರಾನೈಟ್ ಪಟ್ಟಿ ಈ ಸೀಮೆಯಲ್ಲೇ ಹಾಯುತ್ತದೆ. ಅದು ಹುಟ್ಟಿ 250 ಕೋಟಿ ವರ್ಷ. ನಮ್ಮ 130 ಕಿಲೋಮೀಟರ್ ದಾರಿಯನ್ನೇ ಆ ಕಾಲದ ಅಳತೆಗೋಲು ಮಾಡಿಕೊಂಡರೆ ಒಂದು ಮೀಟರಿಗೆ 19,000 ವರ್ಷ. ಇಡೀ ದಿನ ಕಲ್ಲು, ಬರೀ ಕಲ್ಲು. ಮನುಷ್ಯಕುಲದ ಮೂರು ಲಕ್ಷ ವರ್ಷ ಬರುವುದು ಕೊನೆಯ 16 ಮೀಟರಿನಲ್ಲಿ, ಚಕ್ರದ ಏಳೆಂಟು ಸುತ್ತಿನಲ್ಲಿ. ಅಶೋಕನಿಂದ ಇಲ್ಲಿಯ ತನಕ 12 ಸೆಂಟಿಮೀಟರ್, ಅರ್ಧ ಗೇಣು. 1885ರಲ್ಲಿ ಹೆಚ್ಚುಕಡಿಮೆ ಸಮ ಎತ್ತರದ ಎರಡು ಚಕ್ರಗಳ, ಹಿಂದಿನ ಚಕ್ರಕ್ಕೆ ಚೈನಿನ ರೋವರ್ ಸೈಕಲ್ ಬಂದ ಮೇಲಿನ ಕಾಲ 7 ಮಿಲಿಮೀಟರ್.

ರಾಂಪುರದ ಹತ್ತಿರ ಬರುವಾಗ ಶಾಲೆ ಬಿಡುವ ಹೊತ್ತು. ಹೆದ್ದಾರಿಯ ಪಕ್ಕದ ಮಣ್ಣುದಾರಿಯಲ್ಲಿ ಹುಡುಗಿಯರ ಸಾಲು, ಕೆಲವರು ನಡೆದು, ಕೆಲವರು ಅಕ್ಕನದೋ ಅಣ್ಣನದೋ ಹಳೆಯ ಸೈಕಲ್ ತುಳಿದು. ದೂರದ ಸವಾರಿಯ ನನ್ನ ಲೆಕ್ಕಗಳೆಲ್ಲ ಇವರ ಮುಂದೆ ಚಿಕ್ಕವು. ಶಾಲೆ ನಾಲ್ಕು ಕಿಲೋಮೀಟರ್ ದೂರವಿದ್ದರೆ ಹೋಗಿ ಬರಲು ಎಂಟು. ವರ್ಷಕ್ಕೆ 200 ದಿನ ಎಂದರೂ 1,600 ಕಿಲೋಮೀಟರ್. ಎಂಟನೆಯದರಿಂದ ಹತ್ತನೆಯ ತರಗತಿಯ ತನಕ 4,800. ಭಾರತದ ಉತ್ತರ ದಕ್ಷಿಣ ಉದ್ದ 3,214 ಕಿಲೋಮೀಟರ್. ಹತ್ತನೆಯ ತರಗತಿಯ ಪರೀಕ್ಷೆಗೆ ಕೂರುವ ಹೊತ್ತಿಗೆ ಈ ಹುಡುಗಿ ಒಬ್ಬಳೇ ದೇಶದ ಉದ್ದವನ್ನು ಒಂದೂವರೆ ಸಲ ತುಳಿದಿರುತ್ತಾಳೆ. ಯಾವ ಪತ್ರಿಕೆಯೂ ಅವಳ ಫೋಟೋ ಹಾಕಿರುವುದಿಲ್ಲ.

ಕರ್ನಾಟಕ ಸರ್ಕಾರ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುತ್ತಿತ್ತು, ವರ್ಷಕ್ಕೆ ಐದು ಲಕ್ಷದ ಆಸುಪಾಸು. ಒಂದು ವರ್ಷ ಕೊಟ್ಟ ಸೈಕಲ್ಲುಗಳಲ್ಲಿ ಅರ್ಧದಷ್ಟು ಮಾತ್ರ ಹೀಗೆ ಓಡಿದವು ಎಂದುಕೊಂಡರೂ, ಒಂದೇ ವರ್ಷದಲ್ಲಿ 40 ಕೋಟಿ ಕಿಲೋಮೀಟರ್. ಸೂರ್ಯ ಇರುವುದು 15 ಕೋಟಿ ಕಿಲೋಮೀಟರ್ ದೂರದಲ್ಲಿ. ಹೋಗಿ, ಬಂದು, ಮತ್ತೆ ಅರ್ಧಕ್ಕಿಂತ ಮುಂದೆ. ಅದೇ ವರ್ಷಗಳಲ್ಲಿ ಬಿಹಾರ ಹುಡುಗಿಯರಿಗೆ ಸೈಕಲ್ ಕೊಟ್ಟಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅದನ್ನು ಅಳೆದು ನೋಡಿದಾಗ, ಪ್ರೌಢಶಾಲೆ ಸೇರುವ ಹುಡುಗಿಯರ ಪ್ರಮಾಣ ಶೇ. 32ರಷ್ಟು ಏರಿತ್ತು.

ನಮ್ಮಲ್ಲಿ ಕೋವಿಡ್ ವರ್ಷಗಳಲ್ಲಿ ವಿತರಣೆ ನಿಂತಿತು. ಸೈಕಲ್ ಇಲ್ಲದಿದ್ದರೆ ಆಗುವ ನಷ್ಟವನ್ನೂ ಲೆಕ್ಕ ಹಾಕಬಹುದು. ನಾಲ್ಕು ಕಿಲೋಮೀಟರ್ ನಡೆಯಲು ಐವತ್ತಕ್ಕೂ ಹೆಚ್ಚು ನಿಮಿಷ, ತುಳಿಯಲು ಹದಿನೆಂಟು. ಹೋಗುವಾಗ ಬರುವಾಗ ಸೇರಿ ದಿನಕ್ಕೆ 70 ನಿಮಿಷದ ಅಂತರ. ವರ್ಷಕ್ಕೆ 230 ತಾಸು, ಮೂರು ವರ್ಷಕ್ಕೆ 700. ಶಾಲೆಯ ಒಂದು ದಿನವನ್ನು ಐದೂವರೆ ತಾಸು ಎಂದು ಹಿಡಿದರೆ ಅದು 127 ಶಾಲಾದಿನ. ಸೈಕಲ್ ಇಲ್ಲದ ಹುಡುಗಿ ಈ ಅಷ್ಟೂ ದಿನಗಳನ್ನು ಬಿಸಿಲಿನ ರಸ್ತೆಯ ಮೇಲೆ ಕಳೆಯುತ್ತಾಳೆ.