ಷಟರ್ ಎಳೆಯದೆ ಯಜಮಾನ ಬದಲಾದರೆ

ಕಾಮರ್ಸ್ ಓದುವವನಿಗೆ ಗಣಕಯಂತ್ರದ ಉಸಾಬರಿ ಯಾಕೆ ಎಂದು ಸಂಘದ ಗೆಳೆಯರು ನಕ್ಕರು. ಕನ್ನಡ ಶಾಲೆಯಲ್ಲಿ ಕಲಿತ ನನಗೆ ಈ ವಿಷಯ ಇಂಗ್ಲಿಷಿನಲ್ಲಿ ಓದಿ ಅರ್ಥಮಾಡಿಕೊಳ್ಳೋಕೆ ಒಂದು ವಾರ ಹಿಡಿಯಿತು. ನಿಮಗೆ ಐದು ನಿಮಿಷದಲ್ಲಿ ಆಗಲಿ ಎಂದೇ ಈ ಬರಹ.

ಸಂಜೆ ಹೊತ್ತು ನಾನೊಂದು ಕ್ರೆಡಿಟ್ ಸೊಸೈಟಿಯಲ್ಲಿ ವೋಚರ್ ಬರೆಯುತ್ತೇನೆ. ಮಾರ್ಚ್ ಕೊನೆಯ ಒಂದು ದಿನ ಹೊಸ ಕರ್ನೆಲ್ ಹಾಕಿದ್ದರಿಂದ ಅಲ್ಲಿಯ ಸರ್ವರನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಬೇಕಾಯ್ತು. ಕೌಂಟರಿನ ಮುಂದೆ ಪಾಸ್‌ಬುಕ್ ಹಿಡಿದವರ ಸಾಲು. "ಮೊಮ್ಮಗಳ ಫೀಸಿಗೆ ಇವತ್ತೇ ಕಡೇ ದಿನ ಮಗಾ, ಇನ್ನೆಷ್ಟು ಹೊತ್ತು?" ಎಂದರು ಒಬ್ಬ ಅಜ್ಜಿ. ಎಂಟು ನಿಮಿಷ ನನ್ನ ಹತ್ತಿರ ಉತ್ತರವಿರಲಿಲ್ಲ. ಆಮೇಲೆ ಯಂತ್ರ ನೋಡಿಕೊಳ್ಳುವ ಅಣ್ಣನನ್ನು ಕೇಳಿದೆ: "ಅಷ್ಟು ಹೊತ್ತು ಅದು ಏನು ಮಾಡ್ತಾ ಇತ್ತು?"

"ಸ್ಟಾಕ್ ಎಣಿಸ್ತಾ ಇತ್ತು," ಎಂದ.

ವಿಷಯ ಹೀಗಿದೆ. ಯಂತ್ರ ಚಾಲೂ ಆಗುವಾಗ ಮೊದಲು ಏಳುವುದು ಫರ್ಮ್‌ವೇರ್, ಎಂದರೆ ಬೋರ್ಡಿನಲ್ಲೇ ಕೂತಿರುವ ಪ್ರೋಗ್ರಾಂ. ಮೆಮೊರಿ ಎಷ್ಟಿದೆ, ಡಿಸ್ಕು ಇದೆಯೇ, ಕಾರ್ಡುಗಳು ಯಾವುವು ಎಂದು ಅದು ಒಂದೊಂದಾಗಿ ಪರೀಕ್ಷಿಸುತ್ತದೆ. ಆಮೇಲಷ್ಟೇ ಕರ್ನೆಲ್, ಎಂದರೆ ಯಂತ್ರದ ಯಜಮಾನಿಕೆ ನಡೆಸುವ ಪ್ರೋಗ್ರಾಂ, ಡಿಸ್ಕಿನಿಂದ ಮೆಮೊರಿಗೆ ಬರುತ್ತದೆ. ದೊಡ್ಡ ಸರ್ವರಿನಲ್ಲಿ ಹೆಚ್ಚು ಹೊತ್ತು ತಿನ್ನುವುದು ಮೊದಲನೆಯ ಕೆಲಸವೇ. ಆದರೆ ನಮಗೆ ಬದಲಾಗಬೇಕಿದ್ದುದು ಕರ್ನೆಲ್ ಮಾತ್ರ. ಮ್ಯಾನೇಜರ್ ಬದಲಾದ ಮಾತ್ರಕ್ಕೆ ಅಂಗಡಿಯ ಷಟರ್ ಎಳೆದು ಗೋದಾಮಿನ ಚೀಲವನ್ನೆಲ್ಲ ಎಣಿಸಬೇಕೇ?

ಬೇಡ ಎನ್ನುತ್ತದೆ ಲಿನಕ್ಸಿನ ಕೆ-ಎಕ್ಸೆಕ್. ಎರಿಕ್ ಬೀಡರ್ಮನ್ ಎಂಬವರು ಬರೆದ ಇದು 2005ರಲ್ಲಿ, 2.6.13ನೆಯ ಆವೃತ್ತಿಯಲ್ಲಿ, ಲಿನಕ್ಸಿಗೆ ಸೇರಿತು. ಹಳೆಯ ಕರ್ನೆಲ್ ಕೆಲಸ ಮಾಡುತ್ತಿರುವಾಗಲೇ ಹೊಸದರ ಪ್ರತಿಯನ್ನು ಮೆಮೊರಿಗೆ ತಂದು ಇಟ್ಟುಕೊಳ್ಳುವುದು ಮೊದಲ ಹೆಜ್ಜೆ. ಇದರಿಂದ ಯಾರ ಕೆಲಸವೂ ನಿಲ್ಲುವುದಿಲ್ಲ. ಫರ್ಮ್‌ವೇರನ್ನು ಎಬ್ಬಿಸದೆ ನೇರ ಹೊಸದಕ್ಕೆ ನೆಗೆಯುವುದು ಎರಡನೆಯದು. ನಡುವೆ ಒಂದು ಪುಟ್ಟ ಪ್ರೋಗ್ರಾಂ ಇದೆ. ಅದರ ಹೆಸರು ಪರ್ಗೆಟರಿ. ನಮ್ಮವರು ಬರೆದಿದ್ದರೆ ತ್ರಿಶಂಕು ಎನ್ನುತ್ತಿದ್ದರೇನೋ! ತಂದಿಟ್ಟ ಪ್ರತಿ ಕೆಟ್ಟಿಲ್ಲವಷ್ಟೇ ಎಂದು ಅದು ಮೊತ್ತ ತಾಳೆ ನೋಡಿ ಮುಂದಕ್ಕೆ ಕಳಿಸುತ್ತದೆ.

ಲಾಭವಿದ್ದಲ್ಲಿ ಅಪಾಯವೂ ಉಂಟು. ಎರಡನೆಯ ಹೆಜ್ಜೆಯ ಆಜ್ಞೆಯನ್ನು ಹಾಗೇ ಕೊಟ್ಟರೆ, ನಡೆಯುತ್ತಿರುವ ಪ್ರೋಗ್ರಾಂಗಳಿಗೆ ತಮ್ಮ ಲೆಕ್ಕ ಮುಗಿಸಲು ಸಮಯವೇ ಸಿಗದು. ಅರ್ಧ ಬರೆದ ಲೆಡ್ಜರ್ ಅರ್ಧಕ್ಕೇ ಉಳಿದೀತು. ಆದ್ದರಿಂದ ಎಲ್ಲವನ್ನೂ ಕ್ರಮವಾಗಿ ನಿಲ್ಲಿಸಿಯೇ ನೆಗೆಯಬೇಕು. ಇನ್ನೊಂದು ತೊಂದರೆ: ಫರ್ಮ್‌ವೇರ್ ಮುಟ್ಟದ ಕಾರಣ, ಕಾರ್ಡೊಂದು ಹಳೆಯ ಯಜಮಾನನ ಕಾಲದ ಸ್ಥಿತಿಯಲ್ಲೇ ಇದ್ದು ಹೊಸಬನ ಮಾತು ಕೇಳದೆ ಹೋಗಬಹುದು. ಎಣಿಸದೆ ವಹಿಸಿಕೊಂಡ ಸ್ಟಾಕಿನಲ್ಲಿ ಹಳೆಯ ತಪ್ಪೂ ಸೇರಿಯೇ ಬರುತ್ತದಲ್ಲವೇ?

ನನಗೆ ಬಹಳ ಹಿಡಿಸಿದ್ದು ಇದೇ ಉಪಾಯದ ಇನ್ನೊಂದು ಬಳಕೆ, ಕೆ-ಡಂಪ್. ಮೆಮೊರಿಯ ಒಂದು ಪಾಲನ್ನು ಮೊದಲೇ ಬೇರೆ ತೆಗೆದು, ಅದರಲ್ಲಿ ಎರಡನೆಯ ಕರ್ನೆಲ್ ಇಟ್ಟಿರುತ್ತಾರೆ. ದಿನದ ಖರ್ಚಿಗೆ ಅದನ್ನು ಮುಟ್ಟುವಂತಿಲ್ಲ. ನಾವು ಬ್ಯಾಲೆನ್ಸ್ ಶೀಟಿನಲ್ಲಿ ಓದುವ ಮೀಸಲು ನಿಧಿಯಂತೆಯೇ ಅನ್ನಿ. ಮೊದಲನೆಯ ಕರ್ನೆಲ್ ಕುಸಿದು ಬಿದ್ದರೆ ಎರಡನೆಯದು ಎದ್ದು, ಸತ್ತವನ ಮೆಮೊರಿ ಅಳಿಸಿಹೋಗುವ ಮೊದಲು ಅದನ್ನು ಡಿಸ್ಕಿಗೆ ಬರೆದಿಡುತ್ತದೆ. ಯಾಕೆ ಬಿದ್ದ ಎಂಬುದಕ್ಕೆ ಸಾಕ್ಷಿ ಉಳಿಯುತ್ತದೆ. ಇದನ್ನು ರೂಪಿಸಿದವರಲ್ಲಿ ಆಗ ಐಬಿಎಂನಲ್ಲಿದ್ದ ವಿವೇಕ್ ಗೋಯಲ್, ಹರಿಪ್ರಸಾದ್ ನೆಲ್ಲಿತೀರ್ಥ ಇದ್ದಾರೆ. ಎರಡನೆಯ ಹೆಸರು ಓದಿದ ಕೂಡಲೇ ಮಂಗಳೂರು ಕಡೆಯ ನೆಲ್ಲಿತೀರ್ಥದ ಗುಹೆ ನೆನಪಾಗಿ, ಯಾಕೋ ಖುಷಿಯಾಯ್ತು.

ನಮ್ಮ ಸೊಸೈಟಿಯಲ್ಲಿ ಈಗ ಕರ್ನೆಲ್ ಬದಲಿಸಲು ಎರಡು ನಿಮಿಷವೂ ಬೇಡ. ಆದರೂ ಅಣ್ಣ ವರ್ಷಕ್ಕೊಮ್ಮೆ ಭಾನುವಾರ ಬಂದು ಯಂತ್ರವನ್ನು ಪೂರ್ತಿ ಆರಿಸಿ, ಮೊದಲಿಂದ ಚಾಲೂ ಮಾಡ್ತಾನೆ. "ದಿನಾ ಎಣಿಸೋದು ಬೇಡ, ಎಣಿಸದೇ ಇರೋದೂ ಬೇಡ," ಅನ್ನುತ್ತಾನೆ. ನಮ್ಮ ಆಡಿಟಿಂಗ್ ಪಾಠವೂ ಇಷ್ಟೇ ತಾನೇ!

ಅಜ್ಜಿಯ ಫೀಸಿನ ದುಡ್ಡು ಆವತ್ತು ಹೊತ್ತಿಗೆ ಸರಿಯಾಗಿ ಸಿಕ್ಕಿತು. ಮುಂದಿನ ಸಲ ಯಾರಾದರೂ "ಎಷ್ಟು ಹೊತ್ತು?" ಎಂದು ಕೇಳಿದರೆ, ನನ್ನ ಹತ್ತಿರ ಉತ್ತರವಿದೆ.