ದಲ್ಲಾಳಿಗಿಂತ ಮೊದಲು ತಲುಪಿದ ರಮಾಬಾಯಿ

ಸೋಲಾಪುರದ ಕಡೆಯಿಂದ ರೈಲಿನಲ್ಲಿ ಪುಣೆಗೆ ಬರುವ ನಮ್ಮವರು ದೌಂಡ್ ದಾಟುತ್ತಲೇ ಬ್ಯಾಗು ಕೆಳಗಿಳಿಸಲು ಶುರುಮಾಡುತ್ತಾರೆ. ಆ ಗಡಿಬಿಡಿಯಲ್ಲಿ ಕೇಡಗಾವ್ ಎಂಬ ಸಣ್ಣ ಸ್ಟೇಷನ್ ಕಣ್ಣಿಗೆ ಬೀಳುವುದೇ ಇಲ್ಲ. ಅಲ್ಲಿ ಮುಕ್ತಿ ಮಿಷನ್ ಕಟ್ಟಿದ ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಬಳಿಯ ಮಾಳದವರು. ಮನೆಮಾತು ಮರಾಠಿ, ಹುಟ್ಟಿದ ನೆಲ ಕನ್ನಡದ್ದು.

ಇಂಗ್ಲೆಂಡಿನಲ್ಲಿ ವಾಂಟೇಜ್‌ನ ಸನ್ಯಾಸಿನಿಯರ ಜೊತೆಗಿದ್ದಾಗ ರಮಾಬಾಯಿ ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿ ಅವರು ನಡೆಸುತ್ತಿದ್ದ ಆಶ್ರಯಧಾಮ ನೋಡಿದರು. ಅಲ್ಲಿದ್ದವರು ಸಮಾಜ 'ಕೆಟ್ಟವರು' ಎಂದು ಹೊರಗಿಟ್ಟ ಹೆಂಗಸರು. ಇವರನ್ನು ಇಷ್ಟು ಅಕ್ಕರೆಯಿಂದ ಏಕೆ ನೋಡಿಕೊಳ್ಳುತ್ತೀರಿ ಎಂದು ಕೇಳಿದಾಗ ಸಿಕ್ಕ ಉತ್ತರ, ಯೇಸು ಬಾವಿಯ ಬಳಿ ಸಮಾರ್ಯದ ಹೆಂಗಸಿನೊಡನೆ ಮಾತಾಡಿದ ಕಥೆ. ಅವರು 1883ರಲ್ಲಿ ದೀಕ್ಷಾಸ್ನಾನ ಪಡೆದರು. ಮನಸ್ಸು ತಿರುಗಿದ್ದು ಆ ಕಥೆಯಿಂದ ಎಂದು ಅವರೇ ಬರೆದುಕೊಂಡಿದ್ದಾರೆ.

ವಿಧವೆಯರಿಗಾಗಿ ತೆರೆದ ಶಾರದಾ ಸದನ 1890ರಲ್ಲಿ ಮುಂಬಯಿಯಿಂದ ಪುಣೆಗೆ ಬಂತು. ಮತಾಂತರದ ಗಲಾಟೆಯಲ್ಲಿ ರಾನಡೆ, ಭಂಡಾರಕರ್ ಅಂಥವರೂ 1893ರಲ್ಲಿ ಸಲಹಾ ಮಂಡಳಿ ಬಿಟ್ಟರು. ರಮಾಬಾಯಿ ತಮ್ಮ ನಂಬಿಕೆಯನ್ನು ಮುಚ್ಚಿಟ್ಟವರಲ್ಲ, ಹಾಗಾಗಿ ಆ ಅನುಮಾನ ತೀರಾ ಆಧಾರವಿಲ್ಲದ್ದೆಂದು ನಾನು ಹೇಳಲಾರೆ. ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಆಮೇಲಿನ ಕೆಲಸ.

ಬಡ ಯಾತ್ರಿಕಳ ವೇಷದಲ್ಲಿ ಅವರು ವೃಂದಾವನಕ್ಕೆ ಹೋದರು. ತೀರ್ಥವಾಸದ ಆಸೆ ತೋರಿಸಿ ಹಳ್ಳಿಗಳಿಂದ ವಿಧವೆಯರನ್ನು ಕರೆತರುವ ಏಜೆಂಟರು, ಕೈಯಲ್ಲಿದ್ದ ಕಾಸು ಮುಗಿದ ಮೇಲೆ ಆ ಹೆಂಗಸರ ಪಾಡು, ಎಲ್ಲವನ್ನೂ ಕಣ್ಣಾರೆ ಕಂಡು ಬರೆದರು. 1896-97ರ ಬರ ಬಂದಾಗ ಮಧ್ಯಪ್ರಾಂತ್ಯಕ್ಕೆ ಹೊರಟರು. ಬರದ ಹಸಿವು ಅವರಿಗೆ ಹೊಸದಲ್ಲ. 1874ರಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಅದಕ್ಕೇ ಕಳೆದುಕೊಂಡಿದ್ದರು. ಅಲ್ಲಿ ಕಂಡದ್ದು ಹಸಿವಿಗಿಂತ ಭೀಕರ. ತಿಂಡಿ, ಬಟ್ಟೆ, ಒಳ್ಳೆಯ ಊರಿನ ಮಾತು ಆಡಿ ಹುಡುಗಿಯರನ್ನು ಸಾಗಿಸುವವರು ಎಲ್ಲೆಡೆ ಹೊಂಚುಹಾಕಿದ್ದರು. ಅವರ ಕೈಗೆ ಸಿಗುವ ಮೊದಲೇ ನೂರಾರು ಹುಡುಗಿಯರನ್ನು ರಮಾಬಾಯಿ ಕರೆತಂದರು. ಪ್ಲೇಗಿನ ಪುಣೆಯಲ್ಲಿ ಅಷ್ಟು ಜನರನ್ನು ಇರಿಸಿಕೊಳ್ಳಲು ಅಧಿಕಾರಿಗಳು ಬಿಡಲಿಲ್ಲ. ಕೇಡಗಾವಿನಲ್ಲಿ ಕೊಂಡಿದ್ದ ಜಮೀನೇ ಗತಿಯಾಯಿತು.

ಅನ್ನ ಹಾಕಿ ಸುಮ್ಮನಾಗಲಿಲ್ಲ. ಓದು, ನೇಯ್ಗೆ, ಬೇಸಾಯ, ಅಚ್ಚಿನ ಮೊಳೆ ಜೋಡಿಸುವ ಕೆಲಸ ಕಲಿಸಿದರು. ಮೂಲ ಹೀಬ್ರೂ, ಗ್ರೀಕಿನಿಂದ ಅವರೇ ಮರಾಠಿಗೆ ತಂದ ಬೈಬಲ್ ಅಚ್ಚಾದದ್ದು ಅಲ್ಲಿನ ಹೆಂಗಸರ ಕೈಯಲ್ಲಿ. ಲೈಂಗಿಕ ಶೋಷಣೆಯಿಂದ ಪಾರಾಗಿ ಬಂದವರಿಗೆಂದೇ 'ಕೃಪಾ ಸದನ' ಬೇರೆ. 1922ರಲ್ಲಿ ರಮಾಬಾಯಿ ತೀರಿಕೊಂಡರು. ಮುಕ್ತಿ ಈಗಲೂ ನಡೆಯುತ್ತಿದೆ.

ದಲ್ಲಾಳಿಗಳೂ ಇನ್ನೂ ಇದ್ದಾರೆ. ದಗಡೂಶೇಠ್ ಗಣಪತಿಗೆ ಕೈಮುಗಿದು ನಾಲ್ಕು ಹೆಜ್ಜೆ ನಡೆದರೆ ಬುಧವಾರ ಪೇಟೆಯ ಗಲ್ಲಿಗಳು. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಅಲ್ಲಿಗೆ ಬಂದು ಬೀಳುವುದು ಹಳೆಯ ಸಂಗತಿ. ಮುತ್ತು ಕಟ್ಟುವುದನ್ನು ಕರ್ನಾಟಕದ 1982ರ ಕಾಯ್ದೆಯೇ ನಿಷೇಧಿಸಿತ್ತು. ದಲ್ಲಾಳಿಗೆ ಈಗ ಯಲ್ಲಮ್ಮನ ಹೆಸರೂ ಬೇಕಿಲ್ಲ, ಮನೆಗೆಲಸ, ಪಾರ್ಲರ್, ಮದುವೆ ಎಂದರೆ ಸಾಕು. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮಿನಂತೆ ಶೋಷಣೆಗಾಗಿ ಮೋಸದಿಂದ, ಆಮಿಷ ತೋರಿಸಿ ಸಾಗಿಸುವುದೂ ಮಾನವ ಸಾಗಣೆಯೇ. 'ಅವಳೇ ಒಪ್ಪಿ ಬಂದಳು' ಎಂಬ ಮಾತು ಅಲ್ಲಿ ನಡೆಯದು.

ಆದರೆ ಬಿಡಿಸಿ ತಂದ ಹುಡುಗಿಗೆ ಮರಾಠಿ ಬಾರದೆ, ಹೇಳಿಕೆ ಬರೆದುಕೊಳ್ಳುವವರಿಗೆ ಕನ್ನಡ ಬಾರದೆ ಹೋದರೆ? ಪುಣೆಯ ಕನ್ನಡ ಸಂಘಗಳಾಗಲಿ, ಕನ್ನಡದಲ್ಲಿ ಆರಾಧನೆ ನಡೆಸುವ ಸಭೆಗಳಾಗಲಿ ಎರಡೂ ಭಾಷೆ ಬಲ್ಲ ಹತ್ತು ಹೆಂಗಸರ ಹೆಸರು, ಫೋನ್ ನಂಬರನ್ನು ಠಾಣೆಗಳಿಗೆ ಕೊಟ್ಟಿಡಬಹುದು. ಅನುಮಾನ ಬಂದಲ್ಲಿ, ಮಕ್ಕಳ ವಿಷಯವಾದರೆ 1098ಕ್ಕೆ, ದೊಡ್ಡವರದಾದರೆ 112ಕ್ಕೆ ಫೋನ್ ಮಾಡಿ.