ಕೇಡ್ಸ್ ಕೋವ್: ಉಳಿಸಿದ್ದಷ್ಟೇ ಊರಲ್ಲ

ಅಮೆರಿಕದ ಟೆನೆಸ್ಸಿ ರಾಜ್ಯದ ಕೇಡ್ಸ್ ಕೋವ್ ಕಣಿವೆಯಲ್ಲಿ 11 ಮೈಲಿಯ ಒಮ್ಮುಖ ರಸ್ತೆಯೊಂದಿದೆ. ಕರಡಿ, ಜಿಂಕೆ ಕಂಡಾವೆಂದು ಬಂದವರು ಅಲ್ಲಲ್ಲಿ ಕಾರು ನಿಲ್ಲಿಸಿ, ಮರದ ದಿಮ್ಮಿ ಪೇರಿಸಿ ಕಟ್ಟಿದ ಹಳೇ ಮನೆಗಳೊಳಗೆ ಇಣುಕುತ್ತಾರೆ. ಊರು ಬಿಡುವ ತನಕವೂ ಇಲ್ಲಿಯವರು ಹೀಗೇ ಇದ್ದರೇನೋ ಎನಿಸುತ್ತದೆ. ಹಾಗಿರಲಿಲ್ಲ.

ಮೂಲನಿವಾಸಿಗಳಾದ ಚೆರೊಕೀ ಜನರ ಬೇಟೆಯ ನೆಲವಾಗಿದ್ದ ಈ ಕಣಿವೆ 1819ರ ಒಪ್ಪಂದದಲ್ಲಿ ಅವರ ಕೈತಪ್ಪಿತು. ಜಾನ್ ಮತ್ತು ಲುಕ್ರೀಷಿಯಾ ಆಲಿವರ್ ದಂಪತಿ ಆ ಹೊತ್ತಿಗಾಗಲೇ ಬಂದು ನೆಲೆಸಿದ್ದರು. 1850ರಲ್ಲಿ ಜನಸಂಖ್ಯೆ ಏಳುನೂರರ ಹತ್ತಿರ. ಕಾಲಕ್ರಮದಲ್ಲಿ ಚರ್ಚು, ಶಾಲೆ, ಅಂಗಡಿ, ಅಂಚೆ ಕಚೇರಿ ಎಲ್ಲವೂ ಬಂದವು. ಹಳೇ ದಿಮ್ಮಿ ಮನೆಗಳ ಜೊತೆಗೆ ಹಲಗೆಯ ಹೊಸ ಮನೆಗಳೂ ಎದ್ದವು.

ಮುಂದೆ ಈ ಕಣಿವೆಯನ್ನೂ ಸೇರಿಸಿಕೊಂಡ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಬೇಕಾದ ಭೂಮಿ ಸರ್ಕಾರದ್ದಾಗಿರಲಿಲ್ಲ. ಮರದ ಕಂಪನಿಗಳಿಂದಲೂ ಸಾವಿರಾರು ರೈತರಿಂದಲೂ ಅದನ್ನು ಕೊಳ್ಳಬೇಕಾಯಿತು. ರಾಕ್‌ಫೆಲರ್ ಕುಟುಂಬದ ನಿಧಿ 50 ಲಕ್ಷ ಡಾಲರ್ ಕೊಟ್ಟಿತು. ಯಾರನ್ನೂ ಒಕ್ಕಲೆಬ್ಬಿಸುವುದಿಲ್ಲ ಎಂದು ಮೊದಮೊದಲು ರೈತರಿಗೆ ಹೇಳಲಾಗಿತ್ತು. ಕೊನೆಗೆ ಭೂಸ್ವಾಧೀನದ ಕಾನೂನು ಅವರ ಹೊಲಕ್ಕೂ ಬಂತು. ಮೊದಲ ಆಲಿವರ್‌ನ ಮರಿಮೊಮ್ಮಗ ಜಾನ್ ಡಬ್ಲ್ಯೂ. ಆಲಿವರ್ ಸುಮ್ಮನಾಗಲಿಲ್ಲ. ಪಾದ್ರಿಯೂ ಅಂಚೆಯವರೂ ಆಗಿದ್ದ ಅವರು ರಾಜ್ಯದ ಸುಪ್ರೀಂ ಕೋರ್ಟಿನವರೆಗೂ ಹೋರಾಡಿ, ಸೋತು, 1937ರಲ್ಲಿ ಊರು ಬಿಟ್ಟರು. ಕಡಿಮೆ ಬೆಲೆಗೆ ಒಪ್ಪಿ ಜೀವಾವಧಿ ಗುತ್ತಿಗೆ ಪಡೆದ ಕೆಲವರು ಅಲ್ಲೇ ಉಳಿದರು. ಆದರೆ ಬೇಟೆಯಾಡುವಂತಿಲ್ಲ, ಮರ ಕಡಿಯುವಂತಿಲ್ಲ. ಕಾಡಂಚಿನಲ್ಲಿ ಹುಟ್ಟಿಬೆಳೆದವರಿಗೆ ಅದೆಂಥ ಬದುಕು! 1944ರಲ್ಲಿ ಶಾಲೆ ಮುಚ್ಚಿತು, 1947ರಲ್ಲಿ ಅಂಚೆ ಕಚೇರಿ.

ಇನ್ನೊಂದು ಅನ್ಯಾಯ ಆಮೇಲೆ ನಡೆಯಿತು. ಉದ್ಯಾನದವರಿಗೆ ಬೇಕಾಗಿದ್ದದ್ದು ಆದಿಕಾಲದ ವಲಸಿಗರ ಚಿತ್ರ. ದಿಮ್ಮಿ ಮನೆಗಳನ್ನು ಜೋಪಾನ ಮಾಡಿ, ಹೊಸ ಕಾಲದ ಹಲಗೆ ಮನೆಗಳಲ್ಲಿ ಬಹುಪಾಲನ್ನು ಕೆಡವಿದರು. ನೆಲದ ಜೊತೆಗೆ ಊರಿನವರ ಕೊನೆಯ ಕೆಲವು ದಶಕಗಳ ಬದುಕೂ ಅಳಿಸಿಹೋಯಿತು. ಜನ ಹಿಂದುಳಿದವರಂತೆ ಕಂಡರೆ, ಅವರನ್ನು ಎಬ್ಬಿಸಿದ್ದು ದೊಡ್ಡ ತಪ್ಪೆಂದು ನೋಡುವವರಿಗೆ ಅನಿಸುವುದೂ ಕಷ್ಟ.

ಆದ್ದರಿಂದ ಅಲ್ಲಿಗೆ ಹೋಗುವ ಕನ್ನಡಿಗರು ಅರ್ಧ ದಾರಿಯಲ್ಲಿ ಸಿಗುವ ಕೇಬಲ್ ಕುಟುಂಬದ ಗಿರಣಿಯ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ನೀರಿನ ಬಲದಿಂದ ತಿರುಗುವ ಗಿರಣಿಯಲ್ಲಿ ಮೆಕ್ಕೆಜೋಳ ಬೀಸುವುದನ್ನು ನೋಡಲು ಎಲ್ಲರೂ ಮುತ್ತುತ್ತಾರೆ. ಪಕ್ಕದಲ್ಲೇ 1879ರಲ್ಲಿ ಕಟ್ಟಿದ ಬೆಕಿ ಕೇಬಲ್ ಮನೆಯಿದೆ. ದಿಮ್ಮಿಯದ್ದಲ್ಲ, ಗರಗಸದಲ್ಲಿ ಸೀಳಿದ ಹಲಗೆಯದ್ದು. ಮೊದಲು ಅಂಗಡಿಯಾಗಿತ್ತು, ಮುಂದೆ ಮನೆಯಾಯಿತು. ಬೇರೆ ಜಾಗದಿಂದ ತಂದು ಇಲ್ಲಿ ನಿಲ್ಲಿಸಿದ್ದಾರೆ.